ಕುಮುದೇಂದು ಮುನಿ

ಕುಮುದೇಂದು ಮುನಿ ಅಂಕಗಳಲ್ಲಿ ಬರೆದ ಸಿರಿಭೂವಲಯ ಎಂಬ ಕನ್ನಡ ಕಾವ್ಯದ ಕರ್ತೃವೆಂದು ಪ್ರಸಿದ್ಧನಾದ ದಿಗಂಬರ ಜೈನ ಯತಿ. ಈ ಕೃತಿಯಲ್ಲಿ ಅಕ್ಷರಗಳೇ ಇಲ್ಲ; 1ರಿಂದ 64ರವರೆಗಿನ ಸಂಖ್ಯೆಗಳನ್ನು ತುಂಬಿದ ಚೌಕಗಳಷ್ಟೇ ಇವೆ. ಪ್ರತಿ ಸಂಖ್ಯೆಗೂ ಒಂದು ಧ್ವನಿಯನ್ನು ಇಟ್ಟು, ಕವಿ ಗೊತ್ತುಪಡಿಸಿದ ಹಾದಿಯಲ್ಲಿ ಮನೆಯಿಂದ ಮನೆಗೆ ಸಾಗಿದಾಗ ಸಾಂಗತ್ಯದ ಧಾಟಿಯ ಕನ್ನಡ ಪದ್ಯಗಳು ಹೊರಬರುತ್ತವೆ. ಕನ್ನಡ ಸಾಹಿತ್ಯದಲ್ಲಿ ಗೂಢಲಿಪಿಯ ಇಷ್ಟು ದೊಡ್ಡ ಪ್ರಯೋಗ ಇನ್ನೊಂದಿಲ್ಲ. ಕವಿಯ ಕಾಲದ ಬಗ್ಗೆ ವಿದ್ವಾಂಸರಲ್ಲಿ ತೀವ್ರ ಭಿನ್ನಾಭಿಪ್ರಾಯವಿದೆ. ಕೃತಿಯ ಮೊದಲ ಸಂಪಾದಕರು ಅವನನ್ನು 9ನೆಯ ಶತಮಾನದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸಮಕಾಲೀನನೆಂದರು. ಭಾಷೆ ಮತ್ತು ಛಂದಸ್ಸನ್ನು ಆಧರಿಸಿ ವಿಮರ್ಶಿಸಿದವರು ಅವನನ್ನು 15–16ನೆಯ ಶತಮಾನಕ್ಕೆ, ಕೆಲವರು ಇನ್ನೂ ಈಚೆಗೆ, ತಂದಿದ್ದಾರೆ.

ಹೆಸರು

ಕುಮುದೇಂದು ಎಂಬ ಹೆಸರಿನ ಜೈನ ಲೇಖಕರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದಾರೆ. 13ನೆಯ ಶತಮಾನದ ಉತ್ತರಾರ್ಧದಲ್ಲಿ ಷಟ್ಪದಿಯಲ್ಲಿ ರಾಮಕಥೆಯನ್ನು ಬರೆದ ಕುಮುದೇಂದು ಅವರಲ್ಲಿ ಹೆಚ್ಚು ಪರಿಚಿತ. ಅವನ ಕೃತಿ ಕುಮುದೇಂದು ರಾಮಾಯಣವೆಂದೇ ಹೆಸರಾಗಿದೆ. ಸಿರಿಭೂವಲಯದ ಕವಿಯನ್ನು ಈ ರಾಮಾಯಣದ ಕವಿಯೊಂದಿಗೆ ಬೆರೆಸಬಾರದು.

ಜೀವನ

ಕವಿಯ ಬಾಳಿನ ವಿವರಗಳಿಗೆ ಮುಖ್ಯ ಆಕರ ಅವನ ಕಾವ್ಯವೇ. ಅದರೊಳಗಿನ ಹೇಳಿಕೆಗಳನ್ನು ಕೂಡಿಸಿ ಸಂಪಾದಕರು ಕಟ್ಟಿಕೊಟ್ಟ ಚಿತ್ರದ ಪ್ರಕಾರ ಕುಮುದೇಂದು ನಂದಿಬೆಟ್ಟದ ಸೀಮೆಯ ಯಲವಳ್ಳಿಯವನು. ಕಾವ್ಯದಲ್ಲಿ ಈ ಊರು ಯಲವಭೂ ಎಂದು ಬರುತ್ತದೆ. ಈ ಹೆಸರಿನ ನಾಲ್ಕು ಅಕ್ಷರಗಳನ್ನು ಕೊನೆಯಿಂದ ಮೊದಲಿಗೆ ಓದಿದರೆ ಭೂವಲಯ ಎಂದಾಗುತ್ತದೆ. ಅಕ್ಷರಗಳನ್ನು ಸ್ಥಾನಪಲ್ಲಟ ಮಾಡಿ ಅರ್ಥವನ್ನು ಅಡಗಿಸುವ ಕವಿಗೆ ಸ್ವಂತ ಊರಿನ ಹೆಸರಿನಲ್ಲಿಯೇ ಗ್ರಂಥದ ಹೆಸರು ಸಿಕ್ಕಿದ್ದು ಆಕಸ್ಮಿಕವಾಗಿರಲಾರದು. ಊರಿಗಾಗಿ ಗ್ರಂಥದ ಹೆಸರೋ, ಗ್ರಂಥಕ್ಕಾಗಿ ಊರಿನ ಹೆಸರಿನ ಈ ರೂಪವೋ ಎಂಬುದು ಬೇರೆ ಪ್ರಶ್ನೆ.

ಅವನ ಗುರುಗಳು ಸೇನಗಣದ ವೀರಸೇನ ಮತ್ತು ಜಿನಸೇನರು, ಅವನಿಂದ ಉಪದೇಶ ಪಡೆದವರು ಗಂಗರ ಸೈಗೊಟ್ಟ ಶಿವಮಾರ ಮತ್ತು ರಾಷ್ಟ್ರಕೂಟ ಅಮೋಘವರ್ಷ ಎಂಬುದು ಸಂಪಾದಕರ ನಿರೂಪಣೆ. ಪಿರಿಯಾಪಟ್ಟಣದ ದೇವಪ್ಪನದೆಂದು ಹೇಳಲಾದ ಕುಮುದೇಂದು ಶತಕವನ್ನೂ ಅವರು ಇದಕ್ಕೆ ಬೆಂಬಲವಾಗಿ ಬಳಸಿದರು. ಈ ಹೆಸರುಗಳ ಆಯ್ಕೆಗೆ ಒಂದು ತರ್ಕವಿದೆ. ವೀರಸೇನನು 816ರಲ್ಲಿ ಮುಗಿಸಿದ ಧವಲಾ ಟೀಕೆ ಜೈನರ ಸಂಖ್ಯಾಶಾಸ್ತ್ರದ ದೊಡ್ಡ ಭಂಡಾರ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದು ಎಂಬ ಎಣಿಕೆಯನ್ನು ಅವನು ಅರ್ಧಚ್ಛೇದವೆಂದು ಕರೆದು ಅದರ ನಿಯಮಗಳನ್ನು ಹೇಳಿದ್ದಾನೆ. ಇಂದಿನ ಗಣಿತದಲ್ಲಿ ಇದು ಎರಡನ್ನು ಆಧಾರವಾಗಿ ಇಟ್ಟ ಲಾಗರಿದಂ. ಅಮೋಘವರ್ಷನ (ಆಳ್ವಿಕೆ 814–878) ಕಾಲದಲ್ಲಿಯೇ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಬರೆದು, ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟನು. ಅಂಕಕಾವ್ಯವೊಂದು ಹುಟ್ಟಬಹುದಾಗಿದ್ದ ನೆಲವನ್ನು ಹುಡುಕುವವರಿಗೆ ಇದಕ್ಕಿಂತ ಒಪ್ಪುವ ಆಸ್ಥಾನ ಇರಲಿಲ್ಲ.

ಅಕ್ಷರದಿಂದ ಅಂಕಕ್ಕೆ

ಆದಿ ತೀರ್ಥಂಕರ ಋಷಭನಾಥನು ತನ್ನ ಮಕ್ಕಳಲ್ಲಿ ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದನೆಂಬುದು ಜೈನ ಪುರಾಣಪರಂಪರೆ. ಅಕ್ಷರ ಮತ್ತು ಅಂಕ ಒಂದೇ ಮನೆಯ ಇಬ್ಬರು ಅಕ್ಕತಂಗಿಯರು ಎಂಬ ಈ ಭಾವನೆಯ ಮೇಲೆಯೇ ಸಿರಿಭೂವಲಯ ನಿಂತಿದೆ.

ಕವಿಯ ವರ್ಣಮಾಲೆಯಲ್ಲಿ 64 ಧ್ವನಿಗಳಿವೆ. ಅ, ಇ, ಉ, ಋ, ಌ, ಎ, ಐ, ಒ, ಔ ಎಂಬ 9 ಸ್ವರಗಳು ಹ್ರಸ್ವ, ದೀರ್ಘ, ಪ್ಲುತ ಎಂಬ ಮೂರು ಅಳತೆಗಳಲ್ಲಿ 27 ಆಗುತ್ತವೆ. ಇವಕ್ಕೆ 1ರಿಂದ 27. ಕಕಾರದಿಂದ ಮಕಾರದವರೆಗಿನ 25 ವರ್ಗೀಯ ವ್ಯಂಜನಗಳಿಗೆ 28ರಿಂದ 52. ಯಕಾರದಿಂದ ಹಕಾರದವರೆಗಿನ 8 ಅವರ್ಗೀಯಗಳಿಗೆ 53ರಿಂದ 60. ಅನುಸ್ವಾರ, ವಿಸರ್ಗ ಮೊದಲಾದ 4 ಯೋಗವಾಹಗಳಿಗೆ 61ರಿಂದ 64. ವ್ಯಂಜನ ಬೇರೆ, ಅದರ ಸ್ವರ ಬೇರೆ ಬರೆಯಲ್ಪಡುತ್ತದೆ. ಹೀಗಾಗಿ ಸಿರಿ ಎಂಬ ಎರಡಕ್ಷರದ ಮಾತು 59, 4, 54, 4 ಎಂಬ ನಾಲ್ಕು ಸಂಖ್ಯೆಗಳಾಗುತ್ತದೆ.

64 ಮೂಲವರ್ಣಗಳ ಈ ಲೆಕ್ಕ ಕುಮುದೇಂದುವಿನ ಸ್ವಂತದ್ದಲ್ಲ. ಇದು ಜೈನ ಸಿದ್ಧಾಂತ ಗ್ರಂಥಗಳಲ್ಲಿ ನೆಲೆಯಾದ ಎಣಿಕೆ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರನು ಗೊಮ್ಮಟಸಾರದಲ್ಲಿ ಇದೇ 64 ವರ್ಣಗಳನ್ನು ತೆಗೆದುಕೊಂಡು, ಅವುಗಳ ಒಂಟಿ, ಜೋಡಿ, ಮೂರರ ಕೂಟ ಹೀಗೆ ಎಲ್ಲ ಸಂಯೋಗಗಳನ್ನೂ ಎಣಿಸಿದ್ದಾನೆ. ಎರಡನ್ನು 64 ಬಾರಿ ಗುಣಿಸಿ ಒಂದನ್ನು ಕಳೆದಾಗ ಬರುವ ಆ ಮೊತ್ತ 18446744073709551615. ಹಾಸನ ಜಿಲ್ಲೆಯ ಬೆಳಗೊಳದ ಪರಂಪರೆ ಸಾವಿರ ವರ್ಷದ ಹಿಂದೆ ಶ್ರುತಜ್ಞಾನದ ಅಕ್ಷರಗಳ ಎಣಿಕೆಯಾಗಿ ಹೇಳಿದ ಈ ಸಂಖ್ಯೆ, 64 ಬಿಟ್‌ಗಳ ಗಣಕಯಂತ್ರ ಒಂದು ಪದದಲ್ಲಿ ಹಿಡಿದಿಡಬಲ್ಲ ಅತಿ ದೊಡ್ಡ ಪೂರ್ಣಾಂಕವೂ ಹೌದು.

ಚಕ್ರ ಮತ್ತು ಬಂಧ

ಸಂಖ್ಯೆಗಳಾದ ಪದ್ಯವನ್ನು ಕವಿ ಸಾಲಾಗಿ ಬರೆಯುವುದಿಲ್ಲ. ಅಡ್ಡಕ್ಕೆ 27, ಉದ್ದಕ್ಕೆ 27 ಮನೆಗಳಿರುವ ಚೌಕದಲ್ಲಿ, ಅಂದರೆ 729 ಮನೆಗಳಲ್ಲಿ, ಚದುರಿಸಿ ಇಡುತ್ತಾನೆ. ಇಂತಹ ಒಂದು ಚೌಕಕ್ಕೆ ಚಕ್ರವೆಂದು ಹೆಸರು. ದೊರೆತಿರುವ ಚಕ್ರಗಳು 1270 ಎಂದು ಸಂಪಾದಕರು ಎಣಿಸಿದ್ದಾರೆ. ಚಕ್ರವನ್ನು ಓದುವ ಹಾದಿಗೆ ಬಂಧವೆಂದು ಹೆಸರು. ಚಕ್ರಬಂಧ, ಹಂಸಬಂಧ, ನವಮಾಂಕಬಂಧ, ಶ್ರೇಣಿಬಂಧ, ಮಯೂರಬಂಧ ಮುಂತಾಗಿ ಹಲವು ಬಂಧಗಳು ಹೇಳಲ್ಪಟ್ಟಿವೆ. ಹಾದಿ ಗೊತ್ತಿಲ್ಲದೆ ಎಡದಿಂದ ಬಲಕ್ಕೆ ಓದಿದವನಿಗೆ ಅರ್ಥವಿಲ್ಲದ ಸದ್ದುಗಳ ರಾಶಿಯಷ್ಟೇ ಸಿಗುತ್ತದೆ.

ಬಂಧಗಳ ಕಲ್ಪನೆ ಕನ್ನಡಕ್ಕೆ ಹೊಸತಲ್ಲ. ಪದ್ಯದ ಅಕ್ಷರಗಳನ್ನು ಗೋಮೂತ್ರಿಕೆ, ಚಕ್ರ ಮುಂತಾದ ಆಕಾರಗಳಲ್ಲಿ ಹೊಂದಿಸುವ ಚಿತ್ರಕವಿತ್ವವನ್ನು ಸಂಸ್ಕೃತ ಮತ್ತು ಕನ್ನಡ ಲಾಕ್ಷಣಿಕರು ಶಬ್ದಾಲಂಕಾರಗಳಲ್ಲಿ ವಿವರಿಸಿದ್ದಾರೆ. ವಾತ್ಸ್ಯಾಯನನು ಪಟ್ಟಿ ಮಾಡಿದ 64 ಕಲೆಗಳಲ್ಲಿ ಮ್ಲೇಚ್ಛಿತವಿಕಲ್ಪ ಎಂಬುದು ಗೂಢವಾಗಿ ಬರೆಯುವ ವಿದ್ಯೆ. ಆದರೆ ಚಿತ್ರಕವಿ ಒಂದೆರಡು ಪದ್ಯಗಳಲ್ಲಿ ಚಮತ್ಕಾರ ತೋರಿ ಮುಂದೆ ಹೋಗುತ್ತಾನೆ, ಪದ್ಯವನ್ನು ಓದುಗನ ಮುಂದೆ ತೆರೆದೇ ಇಡುತ್ತಾನೆ. ಕುಮುದೇಂದು ಇಡೀ ಗ್ರಂಥವನ್ನು ಮುಚ್ಚಿಟ್ಟನು.

ಗೂಢಲಿಪಿಯಾಗಿ ಸಿರಿಭೂವಲಯ

ಗೂಢಲಿಪಿಶಾಸ್ತ್ರದ ದೃಷ್ಟಿಯಿಂದ ಇಲ್ಲಿ ಎರಡು ಕ್ರಿಯೆಗಳಿವೆ. ಮೊದಲನೆಯದು ಆದೇಶ: ಧ್ವನಿಯ ಜಾಗದಲ್ಲಿ ಸಂಖ್ಯೆ. ಎರಡನೆಯದು ಸ್ಥಾನಪಲ್ಲಟ: ಸಂಖ್ಯೆಗಳ ಜಾಗ ಬದಲಾವಣೆ. 1949ರಲ್ಲಿ ಕ್ಲಾಡ್ ಶ್ಯಾನನ್ ಪ್ರಕಟಿಸಿದ ಸಿದ್ಧಾಂತದ ಬಳಿಕ ರೂಪುಗೊಂಡ ಆಧುನಿಕ ಗೂಢಲಿಪಿಗಳಲ್ಲಿ ಬಹುಪಾಲು ಈ ಎರಡು ಕ್ರಿಯೆಗಳನ್ನೇ ಹಲವು ಸುತ್ತು ಪುನರಾವರ್ತಿಸುತ್ತವೆ. ಸಣ್ಣ ಚಿಪ್‌ಗಳಿಗಾಗಿ ರೂಪಿಸಿದ ಹಗುರ ಗೂಢಲಿಪಿಗಳೂ ಇದೇ ಕುಲದವು.

ಆದೇಶದ ಪಟ್ಟಿ ವರ್ಣಮಾಲೆಯ ಕ್ರಮದಲ್ಲಿಯೇ ಇರುವುದರಿಂದ ಅದು ಗುಟ್ಟಲ್ಲ. ಜೈನ ಸಿದ್ಧಾಂತ ಓದಿದವನು ಅದನ್ನು ಊಹಿಸಬಲ್ಲ. ಅಲ್ಲದೆ ಸ್ಥಾನಪಲ್ಲಟ ಸಂಖ್ಯೆಗಳನ್ನು ಚದುರಿಸುತ್ತದೆಯೇ ಹೊರತು ಅವುಗಳ ಎಣಿಕೆಯನ್ನು ಬದಲಿಸುವುದಿಲ್ಲ. ಅಕಾರ ಮತ್ತೆ ಮತ್ತೆ ಬರುವ ಭಾಷೆಯಲ್ಲಿ 1 ಎಂಬ ಸಂಖ್ಯೆ ಚೌಕದ ತುಂಬ ಕಾಣಿಸಿಕೊಂಡು ತನ್ನ ಗುರುತನ್ನು ತಾನೇ ಹೇಳಿಬಿಡುತ್ತದೆ. ಆದ್ದರಿಂದ ಬೀಗವಿರುವುದು ಹಾದಿಯಲ್ಲಿ ಮಾತ್ರ.

729 ಮನೆಗಳನ್ನು ಓದಬಹುದಾದ ಎಲ್ಲ ಕ್ರಮಗಳ ಸಂಖ್ಯೆ 1773 ಅಂಕಿಗಳಷ್ಟು ಉದ್ದ. ಒಂದೊಂದನ್ನಾಗಿ ಪರೀಕ್ಷಿಸುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಆದರೆ ಕವಿಯ ಹಾದಿ ಮನಬಂದಂತೆ ಹೋಗುವುದಿಲ್ಲ, ಹೋದರೆ ಶಿಷ್ಯರು ಅದನ್ನು ನೆನಪಿಟ್ಟುಕೊಳ್ಳಲಾರರು. ಮೊದಲ ಅಧ್ಯಾಯದ ಚಕ್ರಬಂಧದ ನಡೆ ಬೆಸಸಂಖ್ಯೆಯ ಮಾಯಾಚೌಕವನ್ನು ತುಂಬುವ ನಡೆಯನ್ನು ಹೋಲುತ್ತದೆ: ಮೇಲಿನ ಸಾಲಿನ ನಡುಮನೆಯಿಂದ ಹೊರಟು ಪ್ರತಿ ಸಲ ಒಂದು ಮನೆ ಮೇಲಕ್ಕೆ, ಒಂದು ಮನೆ ಬಲಕ್ಕೆ, ಅಂಚು ಮೀರಿದರೆ ಎದುರು ಅಂಚಿನಿಂದ ಒಳಕ್ಕೆ, 27 ಹೆಜ್ಜೆ ಮುಗಿದು ದಾರಿ ಕಟ್ಟಿಕೊಂಡಾಗ ಒಂದು ಮನೆ ಕೆಳಕ್ಕಿಳಿದು ಮತ್ತೆ ಅದೇ ನಡೆ.

ಇಂತಹ ನಡೆಯನ್ನು ಬೀಜಗಣಿತದಲ್ಲಿ ಬರೆದರೆ ಎರಡು ಸರಳ ಸಮೀಕರಣಗಳಾಗುತ್ತದೆ. ಸಾಲುಗಳನ್ನು ಮೇಲಿನಿಂದ 0, 1, 2 ಎಂದೂ ಕಂಬಗಳನ್ನು ನಡುಗಂಬದಿಂದ ಬಲಕ್ಕೆ 0, 1, 2 ಎಂದೂ ಎಣಿಸಿ, 27 ತುಂಬಿದಾಗಲೆಲ್ಲ ಮತ್ತೆ 0ಯಿಂದ ಆರಂಭಿಸಬೇಕು. ಆಗ ಒಂದು ಮನೆಯ ಸಾಲನ್ನೂ ಕಂಬವನ್ನೂ ಕೂಡಿದರೆ ಅದು ಎಷ್ಟನೆಯ ಸುತ್ತಿನಲ್ಲಿದೆ ಎಂಬುದೂ, ಸಾಲಿಗೆ ಕಂಬದ ಇಮ್ಮಡಿಯನ್ನು ಕೂಡಿದರೆ ಆ ಸುತ್ತಿನ ಎಷ್ಟನೆಯ ಹೆಜ್ಜೆ ಎಂಬುದೂ ಸಿಗುತ್ತದೆ. ಸಾಲು 8, ಕಂಬ 5 ಆಗಿರುವ ಮನೆಗೆ ಸುತ್ತು 13, ಹೆಜ್ಜೆ 18. ಎಣಿಕೆ 0ಯಿಂದ ಹೊರಟಿದ್ದರಿಂದ ಇದು 14ನೆಯ ಸುತ್ತಿನ 19ನೆಯ ಧ್ವನಿ, ಒಟ್ಟಾರೆ 370ನೆಯದು. ಚೌಕವನ್ನು ಬಿಡಿಸಲು ಎರಡು ಕೂಡಿಕೆಗಳಷ್ಟೇ ಸಾಕು.

ಈ ಬಗೆಯ ಸರಳರೇಖೀಯ ಹಾದಿಗಳು 27ರ ಚೌಕದಲ್ಲಿ ಒಟ್ಟು 22,95,82,512 ಇವೆ. ಸುಮಾರು 23 ಕೋಟಿ ಎಂಬುದು ಕೈಲೆಕ್ಕಕ್ಕೆ ಅಸಾಧ್ಯ, ಇಂದಿನ ಗಣಕಕ್ಕೆ ಕೆಲವೇ ಹೊತ್ತಿನ ಕೆಲಸ. ಹುಡುಕಾಟವೂ ಬೇಕಿಲ್ಲ: ಆರಂಭದ ಮನೆ, ಅದರ ಮುಂದಿನ ಮನೆ, ಎರಡನೆಯ ಸುತ್ತಿನ ಮೊದಲ ಮನೆ ಈ ಮೂರು ಗೊತ್ತಾದರೆ ಸಮೀಕರಣಗಳ ಅಜ್ಞಾತಗಳೆಲ್ಲ ಬಿಡಿಸಿಕೊಳ್ಳುತ್ತವೆ. 1773 ಅಂಕಿಗಳ ಕೋಟೆ ಮೂರು ಮನೆಗಳ ಸುಳಿವಿಗೆ ಶರಣಾಗುತ್ತದೆ.

ಹಗುರ ಗೂಢಲಿಪಿಗಳ ಮೇಲೆ ನಡೆಯುವ ಬೀಜಗಣಿತದ ದಾಳಿಯ ತಿರುಳೂ ಇದೇ. ಗೂಢಲಿಪಿಯನ್ನು ಸಮೀಕರಣಗಳ ಗುಂಪಾಗಿ ಬರೆದು, ಗೊತ್ತಿರುವ ಕೆಲವು ಬೆಲೆಗಳನ್ನು ಇಟ್ಟು, ಗುಟ್ಟನ್ನು ಅಜ್ಞಾತವಾಗಿ ಬಿಡಿಸುವುದು ಅದರ ವಿಧಾನ. 2007ರಲ್ಲಿ ಪ್ರಕಟವಾದ ಪ್ರೆಸೆಂಟ್ ಎಂಬ ಹಗುರ ಗೂಢಲಿಪಿಯಲ್ಲಿಯೂ 64 ಬಿಟ್‌ಗಳ ಸ್ಥಾನಪಲ್ಲಟ ಒಂದೇ ಗುಣಾಕಾರದ ನಿಯಮಕ್ಕೆ ಒಳಪಟ್ಟಿದೆ: ಕೊನೆಯದೊಂದನ್ನು ಬಿಟ್ಟು ಉಳಿದ ಪ್ರತಿ ಬಿಟ್‌ನ ಸ್ಥಾನವನ್ನು 16ರಿಂದ ಗುಣಿಸಿ 63ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಅದರ ಹೊಸ ಸ್ಥಾನ. ಅದು ಎಲ್ಲರಿಗೂ ತಿಳಿದಿದೆ. ಆದರೂ ಅದು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಸ್ಥಾನಪಲ್ಲಟದ ನಡುನಡುವೆ ಸರಳರೇಖೀಯವಲ್ಲದ ಆದೇಶ ಮತ್ತು ಗುಟ್ಟಿನ ಕೀಲಿ ಸೇರಿಕೊಂಡು, 31 ಸುತ್ತುಗಳಲ್ಲಿ ಸಮೀಕರಣಗಳು ಜಟಿಲವಾಗುತ್ತ ಹೋಗುತ್ತವೆ. ಕುಮುದೇಂದುವಿನಲ್ಲಿ ಒಂದೇ ಸುತ್ತು. ಬದಲಾಗುವ ಕೀಲಿ ಇಲ್ಲ. ವೈರಿಯಿಂದ ಬಚ್ಚಿಡುವುದು ಅವನ ಗುರಿಯಾಗಿರಲಿಲ್ಲ. ಅಧಿಕಾರಿಯಾದ ಶಿಷ್ಯನಿಗೆ ತೆರೆದು ಉಳಿದವರಿಗೆ ಮುಚ್ಚುವುದೇ ಗುರಿಯೆಂದರೆ ಈ ಬೀಗ ಸಾಕಷ್ಟು ಗಟ್ಟಿಯೇ.

ಒಳಗೊಂದು ಕಾವ್ಯ

ಸಿರಿಭೂವಲಯದ ನಿಜವಾದ ಚಮತ್ಕಾರ ಚಕ್ರ ಬಿಡಿಸಿದ ಮೇಲೆ ಆರಂಭವಾಗುತ್ತದೆ. ಹೊರಬಂದ ಕನ್ನಡ ಪದ್ಯಗಳ ಮೊದಲ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಕೂಡಿಸಿ ಓದಿದರೆ ಪ್ರಾಕೃತ ಗಾಹೆ, ನಡುವಿನ 27ನೆಯ ಅಕ್ಷರಗಳನ್ನು ಕೂಡಿಸಿದರೆ ಸಂಸ್ಕೃತ ಶ್ಲೋಕ ಮೂಡುತ್ತವೆ. ಮೊದಲ ಅಧ್ಯಾಯದಲ್ಲಿ ಹೀಗೆ ಮೂಡುವ ಪ್ರಾಕೃತ ಗಾಹೆ ಯತಿವೃಷಭನ ತಿಲೋಯಪಣ್ಣತ್ತಿಯ ಮೊದಲ ಪದ್ಯ. ಗೂಢಲಿಪಿ ಬಿಡಿಸುವವನಿಗೆ ಇದು ದೊಡ್ಡ ಆಸರೆ. ಮೊದಲೇ ಗೊತ್ತಿರುವ ಪಠ್ಯವೊಂದು ತನ್ನ ಜಾಗದಲ್ಲಿ ತಪ್ಪದೆ ಕಾಣಿಸಿಕೊಂಡರೆ, ಹಿಡಿದ ಹಾದಿ ಸರಿಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇದರಾಚೆಗಿನ ಹೇಳಿಕೆಗಳು ಬೇರೆ ತೂಕದವು. 18 ಮಹಾಭಾಷೆಗಳು ಮತ್ತು 700 ಕಿರುಭಾಷೆಗಳು ಸೇರಿ 718 ಭಾಷೆಗಳ ಸಾಹಿತ್ಯ ಇದರಲ್ಲಿ ಅಡಗಿದೆ, ಪೂರ್ಣ ಗ್ರಂಥ 6 ಲಕ್ಷ ಪದ್ಯಗಳದು, ವೇದ, ಭಗವದ್ಗೀತೆ, ಆಯುರ್ವೇದ, ಅಣುವಿಜ್ಞಾನ ಎಲ್ಲವೂ ಇಲ್ಲಿವೆ ಎಂದು ಅಭಿಮಾನಿಗಳು ಹೇಳುತ್ತ ಬಂದಿದ್ದಾರೆ. ಕನ್ನಡ, ಪ್ರಾಕೃತ, ಸಂಸ್ಕೃತದ ಓದುಗಳು ನಿಯಮಬದ್ಧವಾಗಿದ್ದು ಯಾರು ಬೇಕಾದರೂ ಪರೀಕ್ಷಿಸಬಹುದು. ಉಳಿದ ನೂರಾರು ಭಾಷೆಗಳ ವಿಷಯದಲ್ಲಿ ಅಂತಹ ಪರೀಕ್ಷೆಗೆ ಒಡ್ಡಿದ ಪಠ್ಯಗಳು ಪ್ರಕಟವಾಗಿಲ್ಲ. 729 ಮನೆಗಳಲ್ಲಿ ಹಾದಿಯನ್ನು ಓದುಗನೇ ಬೇಕಾದಂತೆ ಆರಿಸಿಕೊಳ್ಳುವುದಾದರೆ ಯಾವ ಭಾಷೆಯ ಯಾವ ಮಾತನ್ನಾದರೂ ಹೆಕ್ಕಬಹುದು. ಹಾದಿ ಮೊದಲು, ಪಠ್ಯ ಆಮೇಲೆ ಎಂಬ ಕ್ರಮ ತಪ್ಪಿದ ಕಡೆ ಸಿಕ್ಕ ಅರ್ಥ ಕವಿಯದಾಗಿರುವುದಿಲ್ಲ.

ಕಾಲದ ಪ್ರಶ್ನೆ

9ನೆಯ ಶತಮಾನದ ವಾದಕ್ಕೆ ಎದುರಾದ ಮೊದಲ ಅಡ್ಡಿ ಛಂದಸ್ಸು. ಸಾಂಗತ್ಯದಲ್ಲಿ ಬರೆದ ಕಾವ್ಯಗಳು ಕನ್ನಡದಲ್ಲಿ ಕಾಣಿಸಿಕೊಳ್ಳುವುದು 13ನೆಯ ಶತಮಾನದ ಶಿಶುಮಾಯಣನಿಂದ. ಅದು ಹೆಚ್ಚು ಬಳಕೆಗೆ ಬಂದದ್ದು 15–16ನೆಯ ಶತಮಾನಗಳಲ್ಲಿ, ರತ್ನಾಕರವರ್ಣಿಯಂತಹವರ ಕೈಯಲ್ಲಿ. ಎರಡನೆಯದು ಭಾಷೆ. ಬಿಡಿಸಿದ ಪದ್ಯಗಳ ಕನ್ನಡ ಪಂಪನಿಗಿಂತ ಹಿಂದಿನ ಹಳಗನ್ನಡದಂತಿರದೆ ನಡುಗನ್ನಡಕ್ಕೆ ಹತ್ತಿರವಾಗಿದೆ. 64ರ ಪಟ್ಟಿಯಲ್ಲಿ ಹಳಗನ್ನಡಕ್ಕೆ ಅನಿವಾರ್ಯವಾಗಿದ್ದ ಱ ಮತ್ತು ೞ ಅಕ್ಷರಗಳಿಗೆ ಪ್ರತ್ಯೇಕ ಸ್ಥಾನವೇ ಇಲ್ಲ ಎಂಬುದೂ ಗಮನಾರ್ಹ.

ಮೂರನೆಯದು ಮೌನ. ನೃಪತುಂಗನ ಆಸ್ಥಾನದಲ್ಲಿಯೇ ರಚಿತವಾದ ಕವಿರಾಜಮಾರ್ಗ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ, ಶ್ರೀವಿಜಯ ಮೊದಲಾದ ಕನ್ನಡ ಗದ್ಯಪದ್ಯಕಾರರನ್ನು ಹೆಸರಿಸಿದರೂ ಕುಮುದೇಂದುವನ್ನು ಹೆಸರಿಸುವುದಿಲ್ಲ. ಜಿನಸೇನನ ಶಿಷ್ಯ ಗುಣಭದ್ರನು ಉತ್ತರಪುರಾಣದಲ್ಲಿ ಅಮೋಘವರ್ಷನ ಗುರುವೆಂದು ಕೊಂಡಾಡುವುದು ಜಿನಸೇನನನ್ನು. ದೊರೆಗೆ ಉಪದೇಶ ಮಾಡಿ ಇಷ್ಟು ದೊಡ್ಡ ಗ್ರಂಥ ಬರೆದ ಸಹಾಧ್ಯಾಯಿಯನ್ನು ಎಲ್ಲರೂ ಮರೆತರೆಂದು ನಂಬುವುದು ಕಷ್ಟ. ಈ ಕಾರಣಗಳಿಂದ ಹೆಚ್ಚಿನ ಭಾಷಾವಿದ್ವಾಂಸರು ಕೃತಿಯನ್ನು 15–16ನೆಯ ಶತಮಾನದ್ದೆಂದೂ ಕೆಲವರು 18ನೆಯ ಶತಮಾನದವರೆಗೆ ಈಚಿನದೆಂದೂ ಭಾವಿಸುತ್ತಾರೆ. ಗೌಪ್ಯವಾಗಿದ್ದ ಗ್ರಂಥ ಪಟ್ಟಿಗಳಿಂದ ಹೊರಗುಳಿಯುವುದು ಸಹಜ ಎಂಬುದು ಇನ್ನೊಂದು ಪಕ್ಷದ ಉತ್ತರ. ಧವಲಾ ಗ್ರಂಥವೂ ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಹೊರಗಿನವರ ಕಣ್ಣಿಗೆ ಬೀಳದೆ ಇತ್ತೆಂಬುದು ನಿಜ. ಆದರೆ ಛಂದಸ್ಸು ಮತ್ತು ಭಾಷೆಯ ಆಕ್ಷೇಪಣೆಗಳಿಗೆ ಇದು ಉತ್ತರವಾಗುವುದಿಲ್ಲ.

ಹಸ್ತಪ್ರತಿಯ ಹಾದಿ

ಅಂಕಗಳನ್ನು ಹೊತ್ತ ಕಾಗದದ ಪ್ರತಿ ಬೆಂಗಳೂರಿಗೆ ಸಮೀಪದ ದೊಡ್ಡಬೆಲೆಯ ಧರಣೇಂದ್ರ ಪಂಡಿತರ ಮನೆಯಲ್ಲಿತ್ತು. ಅಲ್ಲಿಂದ ಅದು ಆಯುರ್ವೇದ ಪಂಡಿತ ಯಲ್ಲಪ್ಪಶಾಸ್ತ್ರಿಗಳ ಕೈಸೇರಿತು. ಅದಕ್ಕಾಗಿ ಅವರು ಹೆಂಡತಿಯ ಚಿನ್ನದ ಬಳೆಗಳನ್ನು ಕೊಟ್ಟರೆಂದು ಹೇಳಲಾಗುತ್ತದೆ. ಶಾಸ್ತ್ರಿಗಳು ವರ್ಷಗಟ್ಟಲೆ ಅಂಕಗಳೊಂದಿಗೆ ಹೆಣಗಾಡಿದರು. ಕರ್ಲಮಂಗಲಂ ಶ್ರೀಕಂಠಯ್ಯ ಮತ್ತು ಕನ್ನಡ ಬೆರಳಚ್ಚು ಯಂತ್ರಕ್ಕಾಗಿ ಹೆಸರಾದ ಕೆ. ಅನಂತಸುಬ್ಬರಾಯರು ಜೊತೆಗೂಡಿದ ಮೇಲೆ ಬಂಧಗಳ ನಡೆ ಹಿಡಿತಕ್ಕೆ ಬಂದಿತು. 1953ರಲ್ಲಿ ಬೆಂಗಳೂರಿನ ಸರ್ವಾರ್ಥಸಿದ್ಧಿ ಸಂಘ ಮೊದಲ ಸಂಪುಟವನ್ನು ಪ್ರಕಟಿಸಿತು. ಕೃತಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಗಮನಕ್ಕೂ ಬಂದು, ಹಸ್ತಪ್ರತಿಯನ್ನು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಮೈಕ್ರೋಫಿಲ್ಮ್ ಮಾಡಲಾಯಿತು.

ಯಲ್ಲಪ್ಪಶಾಸ್ತ್ರಿಗಳ ನಿಧನದ ಬಳಿಕ ಕೆಲಸ ಬಹುಕಾಲ ನಿಂತಿತು. 21ನೆಯ ಶತಮಾನದ ಆರಂಭದಲ್ಲಿ ಬೆಂಗಳೂರಿನ ಪುಸ್ತಕಶಕ್ತಿ ಪ್ರಕಾಶನ ಮರುಮುದ್ರಣವನ್ನು ಕೈಗೊಂಡಿತು. ಸುಧಾರ್ಥಿ ಹಾಸನ ಅವರು ಸಾಮಾನ್ಯ ಓದುಗರಿಗಾಗಿ ಪರಿಚಯ ಗ್ರಂಥಗಳನ್ನು ಬರೆದರು. ಅಂಕಗಳನ್ನು ಗಣಕಕ್ಕೆ ಊಡಿಸಿ ಬಂಧಗಳನ್ನು ತಂತ್ರಾಂಶದಿಂದ ಬಿಡಿಸುವ ಪ್ರಯತ್ನಗಳೂ ನಡೆದಿವೆ. ಬಂಧ ಗೊತ್ತಿರುವ ಚಕ್ರಗಳು ಕ್ಷಣದಲ್ಲಿ ತೆರೆದುಕೊಳ್ಳುತ್ತವೆ. ಮುಂದಿನ ಅಧ್ಯಾಯಗಳಲ್ಲಿ ಕವಿ ನಡೆಯನ್ನು ಬದಲಿಸಿರುವ ಕಡೆ, ಅಥವಾ ಪ್ರತಿಕಾರನು ಒಂದು ಅಂಕವನ್ನು ತಪ್ಪಾಗಿ ಬರೆದು ಪದ್ಯ ಮುರಿದಿರುವ ಕಡೆ, ಹಳಗನ್ನಡವನ್ನೂ ಪ್ರಾಕೃತವನ್ನೂ ಬಲ್ಲವರೇ ಕುಳಿತು ನೋಡಬೇಕಾಗಿದೆ.